ಹ್ಯಾಂಡ್ ಬ್ರೇಕ್ ಇಲ್ಲದ ಕಾರು ಅಂಗಳಕ್ಕೆ ಬಂದಾಗ

ಗದಗದ ಮುಳಗುಂದ ನಾಕಾದಿಂದ ಹಿಡಿದು ಬೆಟಗೇರಿಯ ತನಕ ರಸ್ತೆಬದಿಯ ಯಾವ ಗ್ಯಾರೇಜಿಗೆ ಹೋದರೂ ಬ್ರೇಕ್ ಕೆಲಸ ನಿತ್ಯದ ಕೆಲಸ. ಗಾಲಿ ಬಿಚ್ಚುವುದು, ಸವೆದ ಪ್ಯಾಡ್ ತೆಗೆಯುವುದು, ಪಿಸ್ಟನ್ ಹಿಂದಕ್ಕೆ ಒತ್ತುವುದು, ಹೊಸ ಪ್ಯಾಡ್ ಕೂಡಿಸಿ ಗಾಲಿ ಹಾಕುವುದು. ಗಿರಾಕಿ ಚಹಾ ಕುಡಿದು ಬರುವಷ್ಟರಲ್ಲಿ ಮುಗಿಯುವ ಈ ಕೆಲಸ, ಕೆಲವು ಕಾರುಗಳ ಮುಂದೆ ಬಂದು ನಿಂತುಬಿಡುತ್ತದೆ. ಮೆಕ್ಯಾನಿಕ್ ಬಾಗಿಲು ತೆಗೆದು ಒಳಗೆ ಬಗ್ಗಿ ನೋಡುತ್ತಾನೆ. ಎರಡು ಸೀಟಿನ ನಡುವೆ ಎಳೆಯುವ ಹಿಡಿಕೆ ಇಲ್ಲ, ಅದರ ಜಾಗದಲ್ಲಿ 'ಪಿ' ಅಕ್ಷರದ ಸಣ್ಣ ಬಟನ್ ಇದೆ. 'ಇದು ಬಟನ್ ಗಾಡಿ ಐತ್ರಿ, ಹುಬ್ಬಳ್ಳಿಗೆ ಒಯ್ರಿ' ಎನ್ನುವ ಮಾತು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಹೊಸದೇನಲ್ಲ.

ಈ ಬಟನ್ನಿನ ಬ್ರೇಕು, ಅಂದರೆ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್, ಜಗತ್ತಿಗೆ ಹಳೆಯದು. 2001ರಲ್ಲಿ ಬಂದ ಬಿಎಂಡಬ್ಲ್ಯು 7 ಸರಣಿಯಲ್ಲೇ ಅದು ಇತ್ತು. ನಮ್ಮಲ್ಲಿ ಬಹಳ ಕಾಲ ಅದು ದುಬಾರಿ ಕಾರುಗಳ ಸೊತ್ತಾಗಿ ಉಳಿಯಿತು. ಬದಲಾದದ್ದು ಈಚಿನ ಐದಾರು ವರ್ಷಗಳಲ್ಲಿ. 2020ರ ಹ್ಯುಂಡೈ ಕ್ರೆಟಾದ ಮೇಲ್ದರ್ಜೆಯ ಆಟೋಮ್ಯಾಟಿಕ್ ಗಾಡಿಗಳಲ್ಲಿ, 2021ರ ಮಹೀಂದ್ರಾ ಎಕ್ಸ್‌ಯುವಿ700ರ ಮೇಲಿನ ಮಾದರಿಯಲ್ಲಿ, 2022ರ ಟಾಟಾ ನೆಕ್ಸಾನ್ ಇವಿ ಮ್ಯಾಕ್ಸ್‌ನಲ್ಲಿ, 2024ರ ಹೊತ್ತಿಗೆ ಎಕ್ಸ್‌ಯುವಿ 3ಎಕ್ಸ್‌ಒದಂಥ ಸಣ್ಣ ಗಾಡಿಯಲ್ಲೂ ಬಟನ್ ಬಂತು. ಮೊದಲು ಕೊಂಡವರ ವಾರಂಟಿ ಈಗ ಮುಗಿಯುತ್ತಿದೆ. ಹುಬ್ಬಳ್ಳಿ, ಬೆಂಗಳೂರಿನಲ್ಲಿ ಓಡಿದ ಗಾಡಿಗಳು ಸೆಕೆಂಡ್ ಹ್ಯಾಂಡ್ ಆಗಿ ಕೆಎ-26ರ ಗದಗ ಸೀಮೆಗೆ ಬರುತ್ತಿವೆ. ಬರುವಾಗಲೇ ಹಿಂಗಾಲಿಯ ಪ್ಯಾಡ್ ಸವೆದಿರುತ್ತದೆ. ಮುಂಡರಗಿಯಿಂದ ಹುಬ್ಬಳ್ಳಿಗೆ ಹೋಗಿ ಬರುವುದೆಂದರೆ ಒಂದು ದಿನ ಹೋಯಿತು, ಡೀಸೆಲ್ ಹೋಯಿತು, ಬಿತ್ತಿಗೆಯ ಕಾಲವಾದರೆ ಅದಕ್ಕಿಂತ ಹೆಚ್ಚಿನದೂ ಹೋಯಿತು.

ಇಷ್ಟು ದೂರ ಹೋಗಬೇಕಾದ ಕೆಲಸವೇ ಇದು? ಅಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಪಾನಾ ಹಿಡಿದು ಗೊತ್ತಿರುವ, ತಾಳ್ಮೆ ಇರುವ ಯಾರೇ ಆದರೂ ಮನೆಯ ಅಂಗಳದಲ್ಲಿ, ಸಮತಟ್ಟಾದ ಜಾಗ ನೋಡಿಕೊಂಡು ಈ ಪ್ಯಾಡ್ ಬದಲಿಸಬಹುದು. ಹಳೆಯ ಗಾಡಿಗೂ ಇದಕ್ಕೂ ವ್ಯತ್ಯಾಸ ಇರುವುದು ಒಂದೇ ಒಂದು ಕಡೆ. ಅದನ್ನು ತಿಳಿಯದೆ ಕೈ ಹಾಕಿದರೆ ಸಾವಿರಾರು ರೂಪಾಯಿಯ ಕ್ಯಾಲಿಪರ್ ಹಾಳಾಗುತ್ತದೆ, ಬೆರಳೂ ಹೋಗಬಹುದು. ತಿಳಿದರೆ ಕೆಲಸ ಹಿಂದಿನಷ್ಟೇ ಸರಳ.

ಆ ಒಂದು ಕಡೆ ಯಾವುದು ಎಂದು ನೋಡಲು ಹಿಂಗಾಲಿ ಬಿಚ್ಚಿ ಕುಳಿತುಕೊಳ್ಳಬೇಕು. ಡಿಸ್ಕನ್ನು ಎರಡೂ ಬದಿಯಿಂದ ತಬ್ಬಿ ಕೂತಿರುವ ಲೋಹದ ತುಂಡು ಕ್ಯಾಲಿಪರ್. ಅದರ ಒಳಬದಿಗೆ, ಗಾಡಿಯ ಹೊಟ್ಟೆಯ ಕಡೆಗೆ, ಮುಷ್ಟಿಗಾತ್ರದ ಕಪ್ಪು ಪ್ಲಾಸ್ಟಿಕ್ ಡಬ್ಬಿಯೊಂದು ಎರಡು ಸ್ಕ್ರೂಗಳಲ್ಲಿ ಅಂಟಿಕೊಂಡಿರುತ್ತದೆ, ಅದಕ್ಕೊಂದು ವೈರು. ಆ ಡಬ್ಬಿಯೊಳಗೆ 12 ವೋಲ್ಟಿನ ಸಣ್ಣ ಮೋಟಾರು, ಅದರ ಜೊತೆ ವೇಗ ತಗ್ಗಿಸಿ ಬಲ ಹೆಚ್ಚಿಸುವ ಹಲ್ಲುಗಾಲಿಗಳು. ಅವು ಕ್ಯಾಲಿಪರಿನೊಳಗಿನ, ತಿರುಪಿನ ಮರೆ ಇರುವ ಸಲಾಕೆಯನ್ನು ತಿರುಗಿಸುತ್ತವೆ. ಸಲಾಕೆ ತಿರುಗಿದಂತೆ ಅದರ ಮೇಲಿನ ನಟ್ಟು ಮುಂದೆ ಸರಿದು ಪಿಸ್ಟನ್ನಿನ ಬೆನ್ನಿಗೆ ಒತ್ತಿ ನಿಲ್ಲುತ್ತದೆ. ಪಿಸ್ಟನ್ ಪ್ಯಾಡನ್ನು ಒತ್ತುತ್ತದೆ, ಪ್ಯಾಡ್ ಡಿಸ್ಕನ್ನು ಹಿಡಿಯುತ್ತದೆ. ಗ್ಯಾರೇಜಿನ ಬೆಂಚಿಗೆ ಬಿಗಿದಿರುವ ವೈಸ್ ಹೇಗೆ ಕೆಲಸ ಮಾಡುತ್ತದೋ ಹಾಗೆಯೇ. ವೈಸಿನ ಹಿಡಿಕೆ ಬಿಟ್ಟರೂ ಹಿಡಿತ ಸಡಿಲವಾಗದು. ಇಲ್ಲಿಯೂ ಒಮ್ಮೆ ಬಿಗಿದ ಮೇಲೆ ಕರೆಂಟ್ ಬೇಕಿಲ್ಲ, ಬ್ಯಾಟರಿ ತೆಗೆದಿಟ್ಟರೂ ಗಾಡಿ ನಿಂತಲ್ಲೇ ನಿಂತಿರುತ್ತದೆ. ಒತ್ತುವ ಬಲ ಒಂದೂವರೆ ಟನ್ನಿನ ಆಸುಪಾಸು.

ಎಲ್ಲ ಬಟನ್ ಗಾಡಿಯೂ ಹೀಗೇ ಇರುವುದಿಲ್ಲ. ಕೆಲವು ಹಳೆಯ ವಿದೇಶಿ ಗಾಡಿಗಳಲ್ಲಿ ನಡುವೆ ಒಂದೇ ಮೋಟಾರು ಇದ್ದು, ಅದು ಹಿಂದಿನ ಎರಡು ಕೇಬಲ್‌ಗಳನ್ನು ಎಳೆಯುತ್ತದೆ. ನಮ್ಮ ಕಡೆ ಹೆಚ್ಚಾಗಿ ಕಾಣುವುದು ಕ್ಯಾಲಿಪರಿನ ಬೆನ್ನಿಗೇ ಮೋಟಾರು ಇರುವ ಬಗೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 96ನೇ ನಿಯಮ ಕಾಲಿನಿಂದ ಒತ್ತುವ ಬ್ರೇಕು ಮತ್ತು ನಿಲುಗಡೆಯ ಬ್ರೇಕು ಒಂದಕ್ಕೊಂದು ಸ್ವತಂತ್ರವಾಗಿರಬೇಕೆಂದು ಹೇಳುತ್ತದೆ. ಈ ಕ್ಯಾಲಿಪರಿನಲ್ಲಿ ಎರಡೂ ಒಂದೇ ಪಿಸ್ಟನ್ನನ್ನು ಬೇರೆ ಬೇರೆ ದಾರಿಯಲ್ಲಿ ತಳ್ಳುತ್ತವೆ. ಕಾಲಿನ ಬ್ರೇಕು ಬ್ರೇಕ್ ಆಯಿಲ್‌ನ ಒತ್ತಡದಿಂದ, ಬಟನ್ನಿನದು ಸಲಾಕೆ-ನಟ್ಟಿನಿಂದ.

ಅಂಗಳದ ಕೆಲಸ ಎಡವುವುದು ಇಲ್ಲೇ. ಹಳೆಯ ಗಾಡಿಯ ಅಭ್ಯಾಸದಲ್ಲಿ ಪಿಸ್ಟನ್ನಿಗೆ ಸಿ-ಕ್ಲಾಂಪ್ ಹಾಕಿ ಹಿಂದಕ್ಕೆ ಒತ್ತಲು ಹೋದರೆ, ಪಿಸ್ಟನ್ ಹಿಂದೆ ಹೋಗದು. ಏಕೆಂದರೆ ಅದರ ಬೆನ್ನಿಗೆ ನಟ್ಟು ಗಟ್ಟಿಯಾಗಿ ಕೂತಿದೆ. ಇನ್ನಷ್ಟು ಬಲ ಹಾಕಿದರೆ ಸಲಾಕೆಯ ಮರೆಯೋ ಹಲ್ಲುಗಾಲಿಯೋ ಮುರಿಯುತ್ತದೆ. ಬಟನ್ ಒತ್ತಿ ಬ್ರೇಕ್ ಬಿಡಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಬಿಡಿಸಿದಾಗ ನಟ್ಟು ಪ್ಯಾಡಿಗೆ ಗಾಳಿಯಾಡುವಷ್ಟು ಮಾತ್ರ ಹಿಂದೆ ಬರುತ್ತದೆ, ಸವೆದ ಪ್ಯಾಡಿನ ಲೆಕ್ಕಕ್ಕೆ ಅದು ಈಗಾಗಲೇ ಬಹಳ ಮುಂದೆ ನಿಂತಿದೆ. ಹೊಸ ಪ್ಯಾಡಿನ ದಪ್ಪ ಕೂರಬೇಕಾದರೆ ನಟ್ಟು ತುದಿಯವರೆಗೂ ಹಿಂದೆ ಸರಿಯಬೇಕು. ಹಾಗೆ ಹಿಂದೆ ಸರಿಸು ಎಂದು ಗಾಡಿಗೆ ಹೇಳುವ ವಿಧಾನಕ್ಕೆ ಸರ್ವಿಸ್ ಮೋಡ್ ಎಂದು ಹೆಸರು. ಬಟನ್ ಗಾಡಿಯ ರಹಸ್ಯ ಇಷ್ಟೇ.

ಈ ಮೋಡಿಗೆ ಹೋಗುವ ದಾರಿ ಎರಡು. ಸ್ಟಿಯರಿಂಗ್ ಕೆಳಗೆ ಮೊಣಕಾಲಿನ ಹತ್ತಿರ 16 ಪಿನ್ನಿನ ಸಾಕೆಟ್ ಇರುತ್ತದೆ, ಅದಕ್ಕೆ ಸ್ಕ್ಯಾನರ್ ಜೋಡಿಸಿ ಬ್ರೇಕ್ ವಿಭಾಗದಲ್ಲಿ 'ಪ್ಯಾಡ್ ಬದಲಾವಣೆ' ಎಂಬುದನ್ನು ಆರಿಸಬೇಕು. ಕೆಲವು ಗಾಡಿಗಳಲ್ಲಿ ಸ್ಕ್ಯಾನರ್ ಇಲ್ಲದೆಯೂ ಆಗುತ್ತದೆ. ಇಗ್ನಿಷನ್ ಆನ್ ಮಾಡಿ ಪೆಡಲನ್ನೂ ಬಟನ್ನನ್ನೂ ಕಂಪನಿ ಗೊತ್ತುಮಾಡಿದ ಕ್ರಮದಲ್ಲಿ, ಗೊತ್ತುಮಾಡಿದ ಹೊತ್ತಿನೊಳಗೆ ಒತ್ತಿದರೆ ಹಿಂದಿನಿಂದ 'ಝುಂಯ್' ಎಂದು ಮೋಟಾರಿನ ಸದ್ದು ಮಾಮೂಲಿಗಿಂತ ಉದ್ದವಾಗಿ ಕೇಳುತ್ತದೆ, ಮೀಟರಿನಲ್ಲಿ ಹಳದಿ ದೀಪ ಹತ್ತುತ್ತದೆ. ಒಂದು ಕಂಪನಿಯ ಕ್ರಮ ಇನ್ನೊಂದಕ್ಕೆ ನಡೆಯುವುದಿಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಬೇರೆ ಇರಬಹುದು. ಹೀಗಾಗಿ ಮೊಬೈಲಿನಲ್ಲಿ ಯಾರೋ ತೋರಿಸಿದ್ದನ್ನು ನೋಡಿ ಇನ್ನೊಂದು ಗಾಡಿಗೆ ಪ್ರಯೋಗಿಸುವುದು ತಪ್ಪು.

ಇನ್ನೊಂದು ಅಡ್ಡದಾರಿಯೂ ಚಾಲ್ತಿಯಲ್ಲಿದೆ. ಮೋಟಾರಿನ ವೈರ್ ಕಿತ್ತು, ಬೇರೆ ಬ್ಯಾಟರಿಯಿಂದ ನೇರವಾಗಿ 12 ವೋಲ್ಟ್ ಕೊಟ್ಟು ಉಲ್ಟಾ ತಿರುಗಿಸುವುದು. ಕೆಲಸ ಆಗುತ್ತದೆ, ಆದರೆ ಎಲ್ಲಿ ನಿಲ್ಲಿಸಬೇಕು ಎಂದು ಬ್ಯಾಟರಿಗೆ ಗೊತ್ತಿಲ್ಲ. ಗಾಡಿಯ ಕಂಪ್ಯೂಟರು ಕರೆಂಟಿನ ಏರಿಳಿತ ನೋಡಿ ನಟ್ಟು ಎಲ್ಲಿದೆ ಎಂದು ತಿಳಿದು ನಿಲ್ಲಿಸುತ್ತದೆ. ನೇರ ಕರೆಂಟ್ ಕೊಟ್ಟಾಗ ನಟ್ಟು ತುದಿಗೆ ಹೋಗಿ ಸಿಕ್ಕಿಬಿದ್ದರೆ ಅಥವಾ ವೈರ್ ಅದಲುಬದಲಾಗಿ ಮುಂದಕ್ಕೆ ಓಡಿದರೆ ಕ್ಯಾಲಿಪರೇ ಬದಲಿಸಬೇಕಾದೀತು. ಮೇಲಾಗಿ ಕಂಪ್ಯೂಟರಿನ ಲೆಕ್ಕ ತಪ್ಪಿ ದೀಪ ಆರುವುದೇ ಇಲ್ಲ. ನಾನಂತೂ ಈ ದಾರಿಯನ್ನು ಯಾರಿಗೂ ಹೇಳುವುದಿಲ್ಲ.

ನಮ್ಮ ಸೀಮೆಯ ಬ್ರೇಕಿಗೆ ತನ್ನದೇ ಕಷ್ಟಗಳಿವೆ. ಇಲ್ಲಿ ಎರೆ ಭೂಮಿ. ಮಳೆಗಾಲದಲ್ಲಿ ಹೊಲದ ದಾರಿಗೆ ಗಾಡಿ ಇಳಿದರೆ ಎರೆಮಣ್ಣು ಗಾಲಿಗೆ, ರಿಮ್ಮಿನ ಒಳಬದಿಗೆ, ಕ್ಯಾಲಿಪರಿನ ಸಂದಿಗೆ ಮೆತ್ತಿಕೊಳ್ಳುತ್ತದೆ. ಬಿಸಿಲಿಗೆ ಒಣಗಿ ಕಲ್ಲಾಗುತ್ತದೆ. ಕ್ಯಾಲಿಪರ್ ಅತ್ತಿತ್ತ ಜಾರಬೇಕಾದ ಪಿನ್ನುಗಳ ರಬ್ಬರ್ ಟೊಪ್ಪಿಗೆ ಒಂದು ಕಡೆ ಹರಿದರೂ ಸಾಕು, ಒಳಗೆ ನೀರು ಮಣ್ಣು ಸೇರಿ ಪಿನ್ನು ಜಾಮ್ ಆಗುತ್ತದೆ. ಆಗ ಒಂದು ಪ್ಯಾಡ್ ಮಾತ್ರ ದುಡಿಯುತ್ತದೆ, ಇನ್ನೊಂದು ಸುಮ್ಮನೆ ಇರುತ್ತದೆ. ಲಕ್ಷ್ಮೇಶ್ವರದ ಮೇಲೆ ಹಾಯುವ ಪಾಲಾ-ಬಾದಾಮಿ ಹೆದ್ದಾರಿಯ ಗುಂಡಿಗಳ ಬಗ್ಗೆ ಈ ಭಾಗದವರಿಗೆ ಬೇರೆ ಹೇಳಬೇಕಿಲ್ಲ. ಗುಂಡಿ ಕಂಡಾಗೆಲ್ಲ ಬ್ರೇಕ್, ದಾಟಿದ ಮೇಲೆ ಎಕ್ಸಿಲರೇಟರ್. ನುಣುಪಾದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವ ಗಾಡಿಯ ಪ್ಯಾಡಿಗಿಂತ ಇಲ್ಲಿನ ಗಾಡಿಯ ಪ್ಯಾಡ್ ಬೇಗ ಸವೆಯುವುದು ಸಹಜ.

ಸುಗ್ಗಿಯಲ್ಲಿ ಇನ್ನೊಂದು ಅಪಾಯ. ಕಣ ಮಾಡುವವರು ಕಡಿಮೆಯಾಗಿ ಹುರುಳಿ, ಜೋಳ, ತೊಗರಿಯನ್ನು ಡಾಂಬರು ರಸ್ತೆಯ ಮೇಲೇ ಹರವಿ ಗಾಡಿಗಳ ಗಾಲಿಯಿಂದ ಒಕ್ಕಣೆ ಮಾಡಿಸುವುದು ರೂಢಿಯಾಗಿದೆ. ಒಣ ಬಳ್ಳಿ ಆಕ್ಸಲ್ಲಿಗೆ, ಸೈಲೆನ್ಸರಿಗೆ ಸುತ್ತಿಕೊಂಡು ಹೊಗೆಯಾಡಿ ಗಾಡಿ ಸುಟ್ಟ ಸುದ್ದಿ ಉತ್ತರ ಕರ್ನಾಟಕದಲ್ಲಿ ಆಗಾಗ ಬರುತ್ತದೆ. ಬಟನ್ ಗಾಡಿಯಲ್ಲಾದರೆ ಅದೇ ಬಳ್ಳಿ ಮೋಟಾರಿನ ವೈರನ್ನೂ ಜಗ್ಗಿ ಕೀಳಬಹುದು. ರಾಶಿಯ ಮೇಲೆ ಹಾಯ್ದು ಬಂದ ದಿನ ಸಂಜೆ ಟಾರ್ಚ್ ಹಿಡಿದು ಹಿಂಗಾಲಿಗಳ ಒಳಬದಿ ಒಮ್ಮೆ ನೋಡುವುದು ಎಲ್ಲ ಗಾಡಿಯವರಿಗೂ ಒಳ್ಳೆಯದು.

ಕಪ್ಪತಗುಡ್ಡದ ಕಡೆ ಬಟನ್ ಗಾಡಿಯ ಒಂದು ಗುಣ ಚೆನ್ನಾಗಿ ಗೊತ್ತಾಗುತ್ತದೆ. ಡೋಣಿಯ ಕಡೆಯಿಂದ ಕಪ್ಪತಮಲ್ಲೇಶ್ವರನ ಗುಡಿಗೆ ಹೋಗಿ, ಇಳಿಜಾರಿನ ತುಂಬ ಬ್ರೇಕ್ ಒತ್ತುತ್ತ ಕೆಳಗೆ ಬಂದು ಗಾಡಿ ನಿಲ್ಲಿಸಿದರೆ ಡಿಸ್ಕ್ ಕಾದಿರುತ್ತದೆ. ಕಾದ ಡಿಸ್ಕ್ ದಪ್ಪ, ಆರಿದಂತೆ ಅದು ಕುಗ್ಗುತ್ತದೆ, ಹಿಡಿತ ಸಡಿಲಾಗುತ್ತದೆ. ಹಿಡಿಕೆಯ ಕಾಲದಲ್ಲಿ ಬಿಸಿ ಬ್ರೇಕಿನಲ್ಲಿ ಇಳಿಜಾರಿಗೆ ನಿಲ್ಲಿಸಿದ ಗಾಡಿ ತಾಸಿನ ಮೇಲೆ ತಾನೇ ಉರುಳುತ್ತಿದ್ದುದಕ್ಕೆ ಇದೂ ಒಂದು ಕಾರಣ. ಹಲವು ಬಟನ್ ಗಾಡಿಗಳು ಇದನ್ನು ಲೆಕ್ಕ ಹಾಕಿ, ನಿಲ್ಲಿಸಿದ ಕೆಲವು ನಿಮಿಷಗಳ ಮೇಲೆ ತಾವೇ ಮತ್ತೊಮ್ಮೆ ಬಿಗಿದುಕೊಳ್ಳುತ್ತವೆ. ಬೀಗ ಹಾಕಿ ನಿಂತ ಗಾಡಿಯ ಹಿಂದಿನಿಂದ ಸದ್ದು ಬಂದರೆ ಗಾಬರಿಯಾಗಬೇಕಿಲ್ಲ, ಅದು ತನ್ನ ಕೆಲಸ ಮಾಡುತ್ತಿದೆ. ಆದರೆ ಗಾಡಿ ತನ್ನಷ್ಟಕ್ಕೆ ತಾನು ಬ್ರೇಕ್ ಬಿಗಿಯಬಲ್ಲದು ಎಂಬ ಈ ಮಾತನ್ನು ಅಂಗಳದಲ್ಲಿ ಕೈಹಾಕುವವರು ಮರೆಯುವಂತಿಲ್ಲ. ಕ್ಯಾಲಿಪರಿನೊಳಗೆ ಬೆರಳು ಇರುವಾಗ ಯಾರೋ ಒಬ್ಬರು ಬಾಗಿಲು ತೆಗೆದು ಇಗ್ನಿಷನ್ ಒತ್ತಿದರೆ ಒಂದೂವರೆ ಟನ್ನಿನ ಬಲ ಬೆರಳಿನ ಮೇಲೆ ಬರುತ್ತದೆ. ಕೀಲಿ ತಮ್ಮ ಕಿಸೆಯಲ್ಲೂ ಬೇಡ. ಕೀಲಿ ಹತ್ತಿರ ಇದ್ದರೆ ಸಾಕು, ಕೆಲವು ಗಾಡಿಗಳು ಎಚ್ಚರಾಗುತ್ತವೆ. ಮನೆಯೊಳಗೆ ದೂರ ಇಟ್ಟು, ಮಕ್ಕಳಿಗೆ ಗಾಡಿಯ ಹತ್ತಿರ ಬರಬೇಡಿ ಎಂದು ಹೇಳಿಯೇ ಕೂರಬೇಕು.

ಈಗ ಕೆಲಸಕ್ಕೆ ಬರೋಣ. ಮುಂಗಾಲಿಯ ಪ್ಯಾಡಿಗೆ ಬಟನ್ನಿನ ಗೊಡವೆಯೇ ಇಲ್ಲ. ಬ್ರೇಕಿನ ಹೆಚ್ಚಿನ ಭಾರ ಹೊರುವುದು ಮುಂದಿನ ಗಾಲಿಗಳೇ, ಸವೆಯುವುದೂ ಅವೇ ಮೊದಲು. ಅವನ್ನು ಹಿಂದಿನಂತೆಯೇ ಬದಲಿಸಬಹುದು. 'ಬಟನ್ ಗಾಡಿ' ಎಂದು ಮುಂಗಾಲಿಯ ಕೆಲಸಕ್ಕೂ ಹುಬ್ಬಳ್ಳಿಗೆ ಹೋಗುವವರಿದ್ದಾರೆ, ಅದು ಅನಗತ್ಯ. ಪ್ರಶ್ನೆ ಇರುವುದು ಹಿಂಗಾಲಿಯದು.

ಹಿಂಗಾಲಿ ಎತ್ತಬೇಕು, ಅದೇ ಹೊತ್ತಿಗೆ ನಿಲುಗಡೆಯ ಬ್ರೇಕ್ ಬಿಡಿಸಿರಬೇಕು. ಅಂದರೆ ಗಾಡಿಯನ್ನು ಹಿಡಿದು ನಿಲ್ಲಿಸಲು ಮುಂಗಾಲಿಗಳೇ ಗತಿ. ಆಟೋಮ್ಯಾಟಿಕ್ ಆದರೆ 'ಪಿ'ಯಲ್ಲಿ, ಗೇರ್ ಗಾಡಿಯಾದರೆ ಫಸ್ಟ್ ಗೇರಿನಲ್ಲಿ ಇಟ್ಟು, ಮುಂದಿನ ಎರಡೂ ಗಾಲಿಗಳ ಹಿಂದೆ ಮುಂದೆ ದಪ್ಪ ಕಲ್ಲು ಕೊಡಬೇಕು. ಚಕ್ಕಡಿಯ ಎತ್ತು ಬಿಚ್ಚಿದಾಗ ಗಾಲಿಗೆ ಕಲ್ಲು ಕೊಡುವುದು ನಮ್ಮ ಹಳ್ಳಿಗಳಲ್ಲಿ ಹೇಳಿಕೊಡಬೇಕಾದ ವಿದ್ಯೆ ಅಲ್ಲ, ಕಾರಿನ ಮುಂದೆ ಮಾತ್ರ ಯಾಕೋ ಮರೆತುಹೋಗುತ್ತದೆ. ಗಾಡಿಯ ಜೊತೆ ಬಂದ ಜಾಕು ಸ್ಟೆಪ್ನಿ ಬದಲಿಸುವುದಕ್ಕೆ ಮಾತ್ರ. ಅದರ ಮೇಲೆ ನಿಂತ ಗಾಡಿಯ ಕೆಳಗೆ ಕೈ ಹಾಕುವಂತಿಲ್ಲ. ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು ಇಳಿಸಬೇಕು. ಇಟ್ಟಿಗೆ ಪೇರಿಸಿ ನಿಲ್ಲಿಸುವುದಂತೂ ಬೇಡವೇ ಬೇಡ, ಭಾರಕ್ಕೆ ಇಟ್ಟಿಗೆ ಒಮ್ಮೆಲೇ ಒಡೆಯುತ್ತದೆ. ಎರೆಮಣ್ಣಿನ ಅಂಗಳದಲ್ಲಿ ಜಾಕೂ ಸ್ಟ್ಯಾಂಡೂ ಮೆಲ್ಲಗೆ ಹೂತುಕೊಳ್ಳುತ್ತವೆ. ಕಡಪಾ ಕಲ್ಲು ಹಾಸಿದ ಅಥವಾ ಕಾಂಕ್ರೀಟು ಮಾಡಿದ ಜಾಗ ಇಲ್ಲದಿದ್ದರೆ ಕೆಳಗೆ ದಪ್ಪ ಹಲಗೆ ಇಡಬೇಕು. ಗಾಲಿಯ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲ ಮಾಡಿಕೊಂಡಿದ್ದರೆ ಒದ್ದಾಟ ಇಲ್ಲ.

ಸರ್ವಿಸ್ ಮೋಡಿಗೆ ಹಾಕುವ ಮುನ್ನ ಬ್ಯಾಟರಿ ಸರಿಯಾಗಿದೆಯೇ ನೋಡಬೇಕು. ಬೆಳಿಗ್ಗೆ ಸ್ಟಾರ್ಟ್ ಆಗಲು ಮುಲುಗುವ ಬ್ಯಾಟರಿ ಇದ್ದರೆ ಅರ್ಧ ದಾರಿಯಲ್ಲಿ ಮೋಟಾರು ನಿಂತು ನಟ್ಟು ನಡುವೆ ಉಳಿಯುತ್ತದೆ, ಹೊಸ ಪ್ಯಾಡೂ ಕೂರುವುದಿಲ್ಲ, ಹಳೆಯದೂ ಹಿಡಿಯುವುದಿಲ್ಲ. ಬಾನೆಟ್ ಎತ್ತಿ ಬ್ರೇಕ್ ಆಯಿಲ್‌ನ ಡಬ್ಬಿಯ ಮಟ್ಟವನ್ನೂ ನೋಡಬೇಕು. ಪಿಸ್ಟನ್ ಹಿಂದೆ ಹೋದಾಗ ಆಯಿಲ್ ಮೇಲೆ ಬರುತ್ತದೆ, ಡಬ್ಬಿ ತುಂಬಿದ್ದರೆ ಹೊರಗೆ ಚೆಲ್ಲಿ ಬಣ್ಣ ತಿನ್ನುತ್ತದೆ. ಚೆಲ್ಲಿದ ಕೂಡಲೇ ನೀರು ಸುರಿದು ತೊಳೆಯಬೇಕು.

ಕ್ಯಾಲಿಪರಿನ ಬೋಲ್ಟು ಬಿಚ್ಚಿದ ಮೇಲೆ ಅದನ್ನು ಪೈಪಿನ ಮೇಲೆ ನೇತುಬಿಡಬಾರದು. ರಬ್ಬರ್ ಪೈಪು ಹೊರಗೆ ಸರಿ ಕಂಡರೂ ಒಳಗೆ ಬಿರಿಯಬಹುದು, ಇಲ್ಲಿ ವೈರೂ ಇದೆ. ಒಂದು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿಟ್ಟರಾಯಿತು. ಹಳೆಯ ಪ್ಯಾಡುಗಳನ್ನು ಬಿಸಾಕುವ ಮೊದಲು ಅಕ್ಕಪಕ್ಕ ಇಟ್ಟು ನೋಡಬೇಕು, ಏಕೆಂದರೆ ಗಾಡಿಯ ಆರೋಗ್ಯ ಅಲ್ಲಿ ಬರೆದಿರುತ್ತದೆ. ಒಳಗಿನ ಪ್ಯಾಡ್ 3 ಮಿಲಿಮೀಟರ್, ಹೊರಗಿನದು 7 ಮಿಲಿಮೀಟರ್ ಉಳಿದಿದ್ದರೆ ಪಿನ್ನು ಜಾಮ್ ಎಂದೇ ಅರ್ಥ. ಹೊಸ ಪ್ಯಾಡಿನ ಉಜ್ಜುವ ಭಾಗ ಸುಮಾರು 10 ಮಿಲಿಮೀಟರ್ ಇರುತ್ತದೆ, 3ಕ್ಕೆ ಇಳಿದರೆ ಬದಲಿಸುವ ಹೊತ್ತು. ಪಿನ್ನು ಎಳೆದು, ಒರೆಸಿ, ಸಿಲಿಕಾನ್ ಗ್ರೀಸ್ ಹಚ್ಚಿ ಬೆರಳಿನಲ್ಲಿ ಒತ್ತಿದರೆ ಸಲೀಸಾಗಿ ಜಾರಬೇಕು. ಬೇರಿಂಗಿಗೆ ಹಚ್ಚುವ ಮಾಮೂಲಿ ಗ್ರೀಸ್ ಇಲ್ಲಿ ನಡೆಯದು, ರಬ್ಬರ್ ಉಬ್ಬುತ್ತದೆ. ಡಿಸ್ಕಿನ ಅಂಚಿನಲ್ಲಿ ಅಥವಾ ನಡುವಿನ ಟೊಪ್ಪಿಗೆಯ ಮೇಲೆ ಅದರ ಕನಿಷ್ಠ ದಪ್ಪವನ್ನು ಅಚ್ಚೊತ್ತಿರುತ್ತಾರೆ. ಅದಕ್ಕಿಂತ ಸವೆದಿದ್ದರೆ ಪ್ಯಾಡ್ ಮಾತ್ರ ಹಾಕಿ ಉಪಯೋಗವಿಲ್ಲ.

ಡಿಸ್ಕ್ ಒರೆಸಲು ಸೀಮೆಎಣ್ಣೆ, ಡೀಸೆಲ್ ಬಳಸುವುದು ನಮ್ಮಲ್ಲಿ ಬಿಟ್ಟು ಹೋಗದ ಚಟ. ಎಣ್ಣೆಯ ಪಸೆ ಡಿಸ್ಕಿನ ಮೇಲೆ ಉಳಿದರೆ ಹೊಸ ಪ್ಯಾಡ್ ಅದನ್ನು ಹೀರಿ ಶಾಶ್ವತವಾಗಿ ಕೆಡುತ್ತದೆ. ಇದಕ್ಕೆಂದೇ ಸ್ಪ್ರೇ ಡಬ್ಬಿಯಲ್ಲಿ ಬ್ರೇಕ್ ಕ್ಲೀನರ್ ಸಿಗುತ್ತದೆ. ಕಂಪ್ರೆಸರ್ ಹಿಡಿದು ಕಪ್ಪು ಪುಡಿಯನ್ನು ಊದುವುದನ್ನೂ ನಿಲ್ಲಿಸಬೇಕು. ಆಸ್ಬೆಸ್ಟಾಸ್ ನಮ್ಮ ದೇಶದಲ್ಲಿ ಪೂರ್ತಿ ನಿಷೇಧವಾಗಿಲ್ಲ, ಹಳೆಯ ಅಥವಾ ಹೆಸರಿಲ್ಲದ ಅಗ್ಗದ ಲೈನರಿನಲ್ಲಿ ಏನಿದೆ ಎಂದು ನೋಡಿ ಹೇಳಲಾಗದು. ಅದರ ಧೂಳು ಪುಪ್ಪುಸಕ್ಕೆ ಹೋದರೆ ಕ್ಯಾನ್ಸರ್ ತರುತ್ತದೆ ಎನ್ನುವುದರಲ್ಲಿ ವೈದ್ಯಲೋಕಕ್ಕೆ ಸಂಶಯವಿಲ್ಲ. ಗ್ಯಾರೇಜಿನಲ್ಲಿ ಈ ಪುಡಿ ಊದುವ ಕೆಲಸ ಬಹುಪಾಲು ಕೆಲಸ ಕಲಿಯಲು ಬಂದ ಹುಡುಗರ ಪಾಲಿಗೇ ಬರುತ್ತದೆ, ಮುಖಕ್ಕೆ ಒಂದು ಕರವಸ್ತ್ರವೂ ಇಲ್ಲದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಸರ್ವಿಸ್ ಮೋಡಿನಲ್ಲಿದ್ದರೆ ಪಿಸ್ಟನ್ ಈಗ ಕ್ಲಾಂಪಿಗೆ ಮಣಿದು ನೇರವಾಗಿ, ನಿಧಾನವಾಗಿ ಒಳಗೆ ಹೋಗುತ್ತದೆ. ಹಿಡಿಕೆಯ ಕೆಲವು ಗಾಡಿಗಳಂತೆ ತಿರುಗಿಸಿ ಕೂಡಿಸಬೇಕಿಲ್ಲ. ಹೋಗದಿದ್ದರೆ ಅಲ್ಲಿಗೆ ನಿಲ್ಲಿಸಿ ಮೋಡ್ ಸರಿಯಾಗಿ ಆಗಿದೆಯೇ ಎಂದು ನೋಡಬೇಕು. ಬಲ ತೋರಿಸುವ ಜಾಗ ಇದಲ್ಲ. ಪ್ಯಾಡ್ ಕೂಡಿಸಿ, ಬೋಲ್ಟುಗಳನ್ನು ಕಂಪನಿ ಹೇಳಿದಷ್ಟೇ ಬಿಗಿಗೆ ಟಾರ್ಕ್ ರೆಂಚಿನಿಂದ ಬಿಗಿದ ಮೇಲೆ, ಗಾಡಿ ಸ್ಟಾರ್ಟ್ ಮಾಡುವ ಮೊದಲೇ ಬ್ರೇಕ್ ಪೆಡಲನ್ನು ಮೆಲ್ಲಗೆ ಹಲವು ಸಲ ಒತ್ತಬೇಕು. ಮೊದಲ ಸಲ ಪೆಡಲ್ ನೆಲಕ್ಕೆ ಹೋಗುತ್ತದೆ, ಏಕೆಂದರೆ ಪಿಸ್ಟನ್ ದೂರ ಹಿಂದೆ ಇದೆ. ಒತ್ತುತ್ತ ಹೋದಂತೆ ಗಟ್ಟಿಯಾಗುತ್ತದೆ. ಈ ಒಂದು ಹಂತ ಮರೆತು ಗಾಡಿ ಹೊರಡಿಸಿದವರು ಮೊದಲ ತಿರುವಿನಲ್ಲೇ ಬ್ರೇಕ್ ಇಲ್ಲದೆ ಎದುರಿನ ಗೋಡೆಗೆ ಹೋಗುತ್ತಾರೆ. ಪೆಡಲ್ ಗಟ್ಟಿಯಾದ ಮೇಲೆ ಸರ್ವಿಸ್ ಮೋಡಿನಿಂದ ಹೊರಬಂದು, ಬಟನ್ನನ್ನು ಕೆಲವು ಸಲ ಹಾಕಿ ತೆಗೆದು, ಎರಡೂ ಕಡೆ ಸದ್ದು ಒಂದೇ ಸಮ ಇದೆಯೇ, ಹಳದಿ ದೀಪ ಆರಿತೇ ಎಂದು ನೋಡಬೇಕು. ಆರಿದ್ದರೆ ಗಾಡಿ ಹೊಸ ಪ್ಯಾಡಿನ ದಪ್ಪವನ್ನು ಕಲಿತುಕೊಂಡಿದೆ ಎಂದು ಅರ್ಥ.

ಪ್ಯಾಡಿನಿಂದಾಚೆಗೆ ಅಂಗಳದಲ್ಲಿ ಹೋಗಬಾರದು ಎಂಬುದು ನನ್ನ ಅಭಿಪ್ರಾಯ. ಪೈಪ್ ಸೋರುತ್ತಿದ್ದರೆ, ಪಿಸ್ಟನ್ನಿನ ರಬ್ಬರ್ ಹರಿದಿದ್ದರೆ, ಆಯಿಲ್ ಬದಲಿಸಿ ಗಾಳಿ ತೆಗೆಯಬೇಕಾಗಿದ್ದರೆ ನುರಿತ ಕೈಗೇ ಕೊಡಬೇಕು. ಎಬಿಎಸ್ ಇರುವ ಗಾಡಿಯ ಒಳಗೆ ಗಾಳಿ ಸೇರಿಕೊಂಡರೆ ಅದನ್ನು ಹೊರಹಾಕಲು ಕೆಲವು ಸಲ ಸ್ಕ್ಯಾನರೇ ಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯಲ್ಲಿ ಕುದಿಯುವುದು, ತೇವ ಹೀರಿದ ಮೇಲೆ 155ರ ತನಕ ಇಳಿಯಬಹುದು. ಗುಡ್ಡ ಇಳಿಯುವಾಗ ಆಯಿಲ್ ಕುದ್ದು ಆವಿಯಾದರೆ ಪೆಡಲ್ ಒತ್ತಿದರೂ ಬ್ರೇಕ್ ಇರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವ ವಾಡಿಕೆ ಅದಕ್ಕಾಗಿಯೇ ಇದೆ. ಇವಿ ಗಾಡಿಯವರಿಗೆ ಇನ್ನೊಂದು ಮಾತು: ಮೋಟಾರೇ ವೇಗ ತಗ್ಗಿಸುವುದರಿಂದ ಪ್ಯಾಡ್ ಬಹಳ ದಿನ ಬರುತ್ತದೆ, ಆದರೆ ಬಳಕೆ ಕಡಿಮೆಯಾಗಿ ಡಿಸ್ಕಿಗೆ ತುಕ್ಕು, ಪಿನ್ನಿಗೆ ಜಾಮ್ ಬೇಗ ಬರುತ್ತದೆ. ಸವೆದಿಲ್ಲ ಎಂದು ಬಿಚ್ಚಿ ನೋಡದೆ ಬಿಡಬಾರದು.

ಇಷ್ಟು ಸರಳ ಕೆಲಸ ಹುಬ್ಬಳ್ಳಿಗೆ ಹೋಗುತ್ತಿರುವುದೇಕೆ? ಲಕ್ಷ್ಮೇಶ್ವರದ ಮೆಕ್ಯಾನಿಕ್ಕಿನ ಕೈ ಹುಬ್ಬಳ್ಳಿಯವನ ಕೈಗಿಂತ ಕಮ್ಮಿಯದಲ್ಲ. ಅವನ ಬಳಿ ಇಲ್ಲದಿರುವುದು ಸ್ಕ್ಯಾನರ್ ಮತ್ತು ಆ ಮಾದರಿಯ ಮಾಹಿತಿ. ಎಂಜಿನ್ ದೀಪ ಓದುವ ಅಗ್ಗದ ಬ್ಲೂಟೂತ್ ಸಾಧನ ಈಗ ಎಲ್ಲೆಡೆ ಸಿಗುತ್ತದೆ. ಆದರೆ ಹೊಗೆಗೆ ಸಂಬಂಧಿಸಿದ ಎಂಜಿನ್ ಮಾಹಿತಿ ಮಾತ್ರ ಎಲ್ಲ ಕಂಪನಿಗೂ ಒಂದೇ ಬಗೆ, ಬ್ರೇಕಿನ ಭಾಗ ಆಯಾ ಕಂಪನಿಯ ಸ್ವಂತ ಭಾಷೆ. ಅದನ್ನು ಬಲ್ಲ ಸ್ಕ್ಯಾನರ್ ದುಬಾರಿ, ವರ್ಷವರ್ಷ ಅಪ್‌ಡೇಟಿಗೆ ಬೇರೆ ಹಣ. ಮಾಲೀಕನಿಗೆ ಕೊಡುವ ಪುಸ್ತಕದಲ್ಲಿ ಈ ಕೆಲಸದ ಬಗ್ಗೆ ಇರುವುದು 'ಅಧಿಕೃತ ಡೀಲರನ್ನು ಸಂಪರ್ಕಿಸಿ' ಎಂಬ ಸಾಲು.

ಈ ವಿಷಯಕ್ಕೆ ದೇಶದಲ್ಲಿ ಒಮ್ಮೆ ದೊಡ್ಡ ತೀರ್ಪು ಬಂದಿತ್ತು. ಶಂಶೇರ್ ಕಟಾರಿಯಾ ಎಂಬವರು ಕೊಟ್ಟ ದೂರಿನಿಂದ ಆರಂಭವಾದ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತು. ಬಿಡಿಭಾಗಗಳನ್ನೂ ದೋಷ ಪತ್ತೆಯ ಸಾಧನಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ತಪ್ಪು ಎಂದಿತು. ಹೊರಗೆ ಸರ್ವಿಸ್ ಮಾಡಿಸಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಎಂದು ಷರತ್ತು ಹಾಕುವಂತಿಲ್ಲ, ಹೊರಗಿನ ತಪ್ಪು ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದೂ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗೆಂದೇ ಜಾಲತಾಣ ತೆರೆಯಿತು, ಅದರ ವ್ಯಾಪ್ತಿಯಲ್ಲಿ ಕೃಷಿ ಯಂತ್ರಗಳ ಜೊತೆ ವಾಹನಗಳೂ ಇವೆ. ತೀರ್ಪಿನ ಆಶಯ ಮುಂಡರಗಿಯ ಗ್ಯಾರೇಜಿನ ತನಕ ಬರಬೇಕಾದರೆ ಪಾರ್ಕಿಂಗ್ ಬ್ರೇಕಿನ ಸರ್ವಿಸ್ ಮೋಡಿನಂಥ ಸುರಕ್ಷತೆಯ ಮಾಹಿತಿ ಮಾಲೀಕನ ಪುಸ್ತಕದಲ್ಲೇ, ಕನ್ನಡದಲ್ಲೇ ಅಚ್ಚಾಗಿ ಬರಬೇಕು. ಗುಟ್ಟಾಗಿಟ್ಟರೆ ಜನ ಬ್ರೇಕ್ ಮುಟ್ಟುವುದನ್ನು ಬಿಡುವುದಿಲ್ಲ. ವೈರ್ ಕಿತ್ತು ಬ್ಯಾಟರಿ ಹಚ್ಚುತ್ತಾರೆ, ಅಷ್ಟೇ.

ಅಲ್ಲಿಯ ತನಕ ನಮ್ಮ ಕೈಯಲ್ಲಿರುವ ಉಪಾಯವೂ ಒಂದಿದೆ. ಏಷ್ಯಾದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಒಬ್ಬೊಬ್ಬರಿಗೆ ಆಗದ ಬಂಡವಾಳವನ್ನು ಊರು ಕೂಡಿ ಕಟ್ಟಬಹುದು ಎಂದು ತೋರಿಸಿದ ಜಿಲ್ಲೆ ಇದು. ಲಕ್ಷ್ಮೇಶ್ವರದಲ್ಲಿ, ಶಿರಹಟ್ಟಿಯಲ್ಲಿ, ಮುಂಡರಗಿಯಲ್ಲಿ ಊರಿನ ಗ್ಯಾರೇಜಿನವರೆಲ್ಲ ಸೇರಿ ಒಂದೊಂದು ಒಳ್ಳೆಯ ಸ್ಕ್ಯಾನರ್ ಕೊಂಡರೆ, ಬಾಡಿಗೆಯ ಲೆಕ್ಕದಲ್ಲಿ ಬಳಸಿದರೆ, ಅಪ್‌ಡೇಟಿನ ಖರ್ಚೂ ಹಂಚಿಹೋಗುತ್ತದೆ. ಮನೆಯಲ್ಲೇ ಪ್ಯಾಡ್ ಹಾಕಿಕೊಳ್ಳುವವನು ಗಾಡಿಯನ್ನು ಗ್ಯಾರೇಜಿನ ಮುಂದೆ ತಂದು ಸರ್ವಿಸ್ ಮೋಡಿಗೆ ಹಾಕಿಸಿಕೊಂಡು ಹೋಗುತ್ತೇನೆ ಎಂದುಕೊಳ್ಳುವಂತಿಲ್ಲ, ಆ ಮೋಡಿನಲ್ಲಿ ನಿಲುಗಡೆಯ ಬ್ರೇಕ್ ಇರುವುದಿಲ್ಲ. ಸ್ಕ್ಯಾನರೇ ಮನೆಗೆ ಬರಬೇಕು. ಸಣ್ಣ ಪೆಟ್ಟಿಗೆ, ಬೈಕಿನ ಮೇಲೆ ಒಬ್ಬ ಹುಡುಗ ತಂದು ಹಚ್ಚಿ, ಕೆಲಸ ಮುಗಿಯುವ ತನಕ ಇದ್ದು, ಮೋಡ್ ತೆಗೆದು ಹೋಗಬಹುದು. ಆ ಹುಡುಗನಿಗೂ ಒಂದು ಕಸುಬು.

ಹೊಸ ಪ್ಯಾಡ್ ಕೂತ ಗಾಡಿಯನ್ನು ಮೊದಲ ದಿನ ಜೋರಾಗಿ ಓಡಿಸಬಾರದು. ಖಾಲಿ ರಸ್ತೆ ನೋಡಿ, ಹಿಂದೆ ಗಾಡಿ ಇಲ್ಲದಾಗ ಸಾಧಾರಣ ವೇಗದಿಂದ ನಿಧಾನಕ್ಕೆ ತಗ್ಗಿಸಿ ಮತ್ತೆ ಓಡಿಸುತ್ತ, ನಡುವೆ ಆರಲು ಬಿಡುತ್ತ ಹೋದರೆ ಪ್ಯಾಡಿನ ಮೇಲ್ಮೈ ಡಿಸ್ಕಿಗೆ ಹೊಂದಿಕೊಳ್ಳುತ್ತದೆ. ಕಾದ ಡಿಸ್ಕಿನ ಮೇಲೆ ಒಮ್ಮೆಲೇ ನೀರು ಹೊಯ್ಯಬಾರದು. ಮುಂಡರಗಿಯಿಂದ ಗದಗಕ್ಕೆ ಒಂದು ಸಲ ಹೋಗಿಬಂದ ಮೇಲೆ ಗಾಲಿಯ ನಟ್ಟುಗಳ ಬಿಗಿಯನ್ನು ಮತ್ತೊಮ್ಮೆ ನೋಡಿ, ಬ್ರೇಕ್ ಆಯಿಲ್‌ನ ಮಟ್ಟ ಗುರುತಿಗಿದೆಯೇ ನೋಡಿ, ಯಾವ ತಾರೀಖಿಗೆ ಎಷ್ಟು ಕಿಲೋಮೀಟರಿಗೆ ಪ್ಯಾಡ್ ಬದಲಿಸಿದ್ದು ಎಂದು ಗಾಡಿಯ ಪುಸ್ತಕದಲ್ಲಿ ಬರೆದಿಡಬೇಕು. ಪ್ಯಾಡ್ ಕೊಂಡ ಬಿಲ್ಲನ್ನೂ ಅದೇ ಪುಟಕ್ಕೆ ಅಂಟಿಸಬೇಕು.